ಮೂರು ವರ್ಷ ಹಿಂದಿನ ಗಡಿಯಾರ

೩ ಜೂನ್, ಸೋಮವಾರ. ಬೆಳಿಗ್ಗೆ

ಬೀಗ ತೆಗೆದೆ. ಎ.ಸಿ. ಹಾಕಿದೆ. ಸ್ಕ್ಯಾನ್ ಕೋಣೆಯ ಕಂಪ್ಯೂಟರನ್ನು ಎಬ್ಬಿಸಿದೆ. ಕಣ್ಣು ಬಿಟ್ಟಿದ್ದೇ ತಡ, ತಾನಿನ್ನೂ ಮೂರು ವರ್ಷದ ಹಿಂದೆಯೇ ಇದ್ದೇನೆ ಎಂದಿತು. ಇರಪ್ಪಾ, ಆರಾಮವಾಗಿರು.

ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಇದಕ್ಕೆ ಯಾರೂ ಬೆಚ್ಚುವುದಿಲ್ಲ. ಸ್ಕ್ಯಾನ್ ಸಾಫ್ಟ್‌ವೇರಿನ ಲೈಸೆನ್ಸ್ ಹೋದ ವರ್ಷ ಮುಗಿಯಿತು. ಮಾರಿದ ಕಂಪನಿ ಅದಕ್ಕೂ ಮೊದಲೇ ಬಾಗಿಲು ಹಾಕಿತ್ತು. ಸೆಂಟರಿನ ಯಜಮಾನರು ಯೋಚಿಸಲೇ ಇಲ್ಲ, ಕಂಪ್ಯೂಟರಿನ ತಾರೀಖನ್ನು ಮೂರು ವರ್ಷ ಹಿಂದಕ್ಕೆ ತಿರುಗಿಸಿಬಿಟ್ಟರು. ಪಾಪ, ಸಾಫ್ಟ್‌ವೇರು ತನಗಿನ್ನೂ ಪ್ರಾಯ ಎಂದುಕೊಂಡು ದುಡಿಯುತ್ತಿದೆ. ನನಗೂ ಯಾರಾದರೂ ಹಾಗೆ ತಿರುಗಿಸಿದರೆ ಮಂಡಿನೋವಾದರೂ ಹೋದೀತು.

ಫಿಲ್ಮಿನ ಮೇಲೆ ಅಚ್ಚಾಗುವ ಸುಳ್ಳು ತಾರೀಖಿಗೆ ಚೀಟಿ ಅಂಟಿಸಿ, ನಿಜವಾದ ತಾರೀಖಿನ ರಬ್ಬರ್ ಮುದ್ರೆ ಒತ್ತುವುದು ನನ್ನ ಕೆಲಸ. ಮುದ್ರೆ ಬಿದ್ದರೆ ನಿದ್ರೆ. ಪ್ರಾಸ ಕಟ್ಟುವುದು ನನ್ನ ಚಾಳಿ.

ಇವತ್ತು ಹೊಸ ರಾಗ. ದೊಡ್ಡಾಸ್ಪತ್ರೆಯವರಿಗೆ ಇನ್ನು ಫಿಲ್ಮ್ ಬೇಡವಂತೆ. ಚಿತ್ರಗಳನ್ನು ಅವರ ವೆಬ್‌ಸೈಟಿಗೇ ಹಾಕಬೇಕು, ಡಾಕ್ಟರು ಬ್ರೌಸರಿನಲ್ಲೇ ನೋಡುತ್ತಾರೆ. ಸ್ಕ್ಯಾನ್ ಕಂಪ್ಯೂಟರಿನಲ್ಲಿ ವಿಳಾಸ ಹೊಡೆದೆ. ಆಸ್ಪತ್ರೆಯ ಪುಟ ಬರಲಿಲ್ಲ. ಬಿಳಿ ಪರದೆ, ಕೆಂಪು ತ್ರಿಕೋನ, ಒಂದೇ ಸಾಲು — ನಿಮ್ಮ ಗಡಿಯಾರ ಹಿಂದಿದೆ.

ಯಜಮಾನರು ಬಗ್ಗಿ ಓದಿದರು. "ಆಸ್ಪತ್ರೆ ತೋರ್ಸು ಅಂದ್ರೆ ಗಡಿಯಾರ ನೋಡೋಕೆ ಇದಕ್ಕೆ ಹೇಳಿದ್ಯಾರಮ್ಮ?"

ಮಧ್ಯಾಹ್ನ ಅಕ್ಕನ ಸ್ಕ್ಯಾನ್ ಬೇರೆ. ಎರಡು ವರ್ಷದ ಹಿಂದೆ ಅವಳ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತ್ತು. ಆರು ತಿಂಗಳಿಗೆ ಮತ್ತೆ ಬನ್ನಿ ಎಂದಿದ್ದರು. ಹೊಲಿಗೆ ಇದೆ, ಹೊಲಿಗೆ ಇದೆ ಎಂದು ಇಲ್ಲಿಯತನಕ ಎಳೆದಳು. ಚುಕ್ಕೆ ಹಾಗೇ ಇದ್ದರೆ, ಚಿಕ್ಕದಾಗಿದ್ದರೆ ಚಿಂತೆಯಿಲ್ಲ. ಬೆಳೆದಿದ್ದರೆ... ಪೆನ್ನು ಇಲ್ಲಿ ನಿಲ್ಲಲಿ.

ಅದೇ ದಿನ, ಸಂಜೆ

ಸ್ಕ್ಯಾನ್ ಆಯಿತು. ಸರ, ಓಲೆ, ಬಳೆ ಎಲ್ಲ ಬಿಚ್ಚಿಸಿ ಮಲಗಿಸಿದ್ದೆ. ಚಿತ್ರ ಬಂದಾಗ ಬಲಭುಜದಲ್ಲಿ ನಕ್ಷತ್ರದ ಹಾಗೆ ಏನೋ ಹೊಳೆಯುತ್ತಿದೆ. ರವಿಕೆಯ ಭುಜದ ಹೊಲಿಗೆಗೆ ಚುಚ್ಚಿಕೊಂಡಿದ್ದ ಗುಂಡುಸೂಜಿ! ದರ್ಜಿಗಳಿಗೆ ಅದು ಮೈಯ ಒಂದು ಭಾಗ. ಚುಕ್ಕೆ ಇರುವುದು ಎಡಗಡೆ, ನಡೆಯುತ್ತದೆ ಎಂದರು ಯಜಮಾನರು.

"ಎಲ್ಲಾ ಬಿಚ್ಚು ಅಂದಿರಲಿಲ್ವಾ?" ಎಂದೆ ಅಕ್ಕನಿಗೆ.

"ಸೂಜಿ ಬಿಚ್ಚು ಅಂದ್ಯಾ? ಸರ ಅಂದೆ, ಬಳೆ ಅಂದೆ. ಪ್ರಾಸಕ್ಕೆ ಸಿಗಲಿಲ್ಲ ಅಂತ ಸೂಜಿ ಬಿಟ್ಟಿರ್ತೀಯ."

ಚಿತ್ರವನ್ನು ನೋಡಿ ಅಳೆಯುವುದು ಆಸ್ಪತ್ರೆಯವರ ಕೆಲಸ. ನಾವು ತೆಗೆದುಕೊಡುವವರು ಮಾತ್ರ. ಆದರೂ ಕಣ್ಣು ಎಡಗಡೆಗೇ ಹೋಗಿತ್ತು. ಏನೂ ತಿಳಿಯಲಿಲ್ಲ.

೪ ಜೂನ್, ಮಂಗಳವಾರ

ಕಂಪ್ಯೂಟರ್ ರಿಪೇರಿಯ ವೈರಪ್ಪ ಬಂದರು. ನಿಜವಾದ ಹೆಸರು ಅವರ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಮೊದಲು ಒಂದು ಲೋಟ ಚಹಾ, ಆಮೇಲೆ ಪುರಾಣ.

"ನಾನು ಈ ಕೆಲಸಕ್ಕೆ ಬಂದಾಗ ವೆಬ್ ಅಂದ್ರೆ ಬೂದುಬಣ್ಣದ ಹಾಳೆ. ನೀಲಿ ಗೆರೆ ಎಳೆದ ಪದ ಒತ್ತಿದ್ರೆ ಇನ್ನೊಂದು ಹಾಳೆ. ಒಂದು ಫೋಟೋ ಇಳಿಯೋಕೆ ಬಿಟ್ರೆ ಊಟ ಮುಗಿಸ್ಕೊಂಡು ಬರಬಹುದಿತ್ತು, ಆಗ ಹಣೆ ತನಕ ಬಂದಿರೋದು. ಬ್ರೌಸರ್ ಆಗ ಬಹಳ ಸಾಧು. ಆ ಕಡೆಯವರು ಏನು ಕಳಿಸಿದ್ರೂ ನಂಬೋದು, ತೋರ್ಸೋದು. ಆಸ್ಪತ್ರೆ ಅಂತ ಬೋರ್ಡು ಹಾಕ್ಕೊಂಡು ಕಳ್ಳ ಕೂತಿದ್ರೂ ಅದಕ್ಕೆ ಗೊತ್ತಾಗ್ತಿರಲಿಲ್ಲ."

"ಈಗ?"

"ಈಗ ಕಾವಲುಗಾರ ಆಗಿದೆ. ಸೈಟಿನವರು ಮೊದಲು ಗುರುತಿನ ಚೀಟಿ ತೋರಿಸ್ಬೇಕು. ಅದರಲ್ಲಿ ಇಂಥ ದಿನದಿಂದ ಇಂಥ ದಿನದ ತನಕ ಅಂತ ಇರತ್ತೆ. ಬ್ರೌಸರ್ ನಿಮ್ಮ ಕಂಪ್ಯೂಟರಿನ ಗಡಿಯಾರ ನೋಡಿ ತಾಳೆ ಹಾಕತ್ತೆ. ಆಸ್ಪತ್ರೆಯವ್ರ ಚೀಟಿ ಈ ವರ್ಷದ್ದು. ನಿಮ್ಮ ಗಡಿಯಾರ ಮೂರು ವರ್ಷ ಹಿಂದೆ. ಇನ್ನೂ ಹುಟ್ಟದೇ ಇರೋರು ಗುರುತಿನ ಚೀಟಿ ಹಿಡ್ಕೊಂಡು ಬಂದ್ರೆ ನೀವಾದ್ರೂ ಒಳಗೆ ಬಿಡ್ತೀರಾ?"

"ಹಾಗಾದ್ರೆ ತಾರೀಖು ಸರಿ ಮಾಡಿ."

"ಮಾಡ್ತೀನಿ. ನಿಮ್ಮ ಸಾಫ್ಟ್‌ವೇರ್ ಆ ಕ್ಷಣಕ್ಕೇ ಕಣ್ಮುಚ್ಚತ್ತೆ."

ಯಜಮಾನರು ಬೇಡ ಬೇಡ ಎಂದು ಕೈ ಅಡ್ಡ ಹಿಡಿದರು. ದಾರಿಯನ್ನೂ ಅವರೇ ಹುಡುಕಿದರು. ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕು, ಮುಂದಿನ ಮೇಜಿನ ಕಂಪ್ಯೂಟರಿಗೆ ತಾ, ಅದರ ಗಡಿಯಾರ ಸರಿಯಿದೆ, ಅಲ್ಲಿಂದ ಕಳಿಸು. ಹಾಗೇ ಮಾಡಿದೆ. ಈ ಬ್ರೌಸರ್ ತಕರಾರಿಲ್ಲದೆ ಬಾಗಿಲು ತೆರೆಯಿತು. ಅಕ್ಕನ ಹೊಸ ಸ್ಕ್ಯಾನ್, ಹೋಲಿಸಿ ನೋಡಲು ಎರಡು ವರ್ಷದ ಹಿಂದಿನದು — ಎರಡೂ ಹೋದವು.

ಮುಂಬಾಗಿಲಲ್ಲಿ ತಡೆದರೇನು, ಹಿತ್ತಿಲಿಲ್ಲವೇನು!

೭ ಜೂನ್, ಶುಕ್ರವಾರ. ಸಂಜೆ

ಚಿಕ್ಕದಾಗಿದೆ. ಚಿಕ್ಕದಾಗಿದೆ. ಚಿಕ್ಕದಾಗಿದೆ.

ಹಿಂದೆ ನೋಡಿದ ಡಾಕ್ಟರು ಈಗಿಲ್ಲ. ಹೊಸ ಸರ್ಜನ್. ಹೊರಗೆ ಸಂತೆಯಷ್ಟು ಜನ. ಬ್ರೌಸರಿನಲ್ಲಿ ಅಕ್ಕನ ಹೆಸರು ಒತ್ತಿದರು, ಎರಡು ಚಿತ್ರ ಅಕ್ಕಪಕ್ಕ ಬಂದು ಕುಳಿತವು. ಎಡಗಡೆ 'ಹಿಂದಿನದು', ಬಲಗಡೆ 'ಈಗಿನದು'. ತಾರೀಖು ಕೆಳಗೆಲ್ಲೋ ಇರುವೆ ಸಾಲಿನಂತೆ. ಎರಡನ್ನೂ ಅಳೆದು, "ಕುಗ್ಗಿದೆಯಮ್ಮ. ಹಳೇ ಸೋಂಕಿನ ಗುರುತು ಇರಬಹುದು. ಒಂದು ವರ್ಷ ಬಿಟ್ಟು ಬನ್ನಿ" ಎಂದರು.

ಅಕ್ಕ ಆಸ್ಪತ್ರೆಯ ಮೆಟ್ಟಿಲಲ್ಲೇ ಶಾಲೆಯವರಿಗೆ ಫೋನ್ ಮಾಡಿ ಯೂನಿಫಾರ್ಮ್ ಹೊಲಿಯುವ ಆರ್ಡರ್ ಒಪ್ಪಿಕೊಂಡಳು. ಆಟೋದಲ್ಲಿ ನನ್ನ ತೊಡೆಗೆ ಗುದ್ದಿ, "ಯಾಕೆ ಮುಖ ಹಾಗಿದೆ? ನಾನು ಬದುಕಿದ್ದು ಇಷ್ಟ ಆಗ್ಲಿಲ್ವೇನೇ?" ಎಂದಳು.

ಇಷ್ಟವಾಗದೆ ಏನು. ಆದರೆ ಒಳಗೆ ಏನೋ ಒಂದು ಚುಚ್ಚುತ್ತಿದೆ. ಏನೆಂದು ಸಿಗುತ್ತಿಲ್ಲ. ಒಳ್ಳೆಯ ಸುದ್ದಿಯ ಅಭ್ಯಾಸ ತಪ್ಪಿರಬೇಕು.

೮ ಜೂನ್, ಶನಿವಾರ. ಬೆಳಿಗ್ಗೆ

ಸೂಜಿ.

ಫಿಲ್ಮಿಗೆ ಚೀಟಿ ಅಂಟಿಸುತ್ತಿದ್ದೆ. ಕೈ ಅಲ್ಲೇ ನಿಂತುಬಿಟ್ಟಿತು. ನಿನ್ನೆ ಸರ್ಜನ್ ಕೋಣೆಯಲ್ಲಿ ಸೂಜಿಯ ನಕ್ಷತ್ರ ಹೊಳೆಯುತ್ತಿದ್ದದ್ದು ಎಡಗಡೆಯ ಚಿತ್ರದಲ್ಲಿ. 'ಹಿಂದಿನದು' ಎಂದಿತ್ತಲ್ಲ, ಅದರಲ್ಲಿ.

ಸೂಜಿ ಇದ್ದದ್ದು ಈ ಸೋಮವಾರ.

 ಬರೆದರೇ ನನಗೆ ಅರ್ಥವಾಗುವುದು. ಮೊದಲ ಸ್ಕ್ಯಾನ್ ಎರಡು ವರ್ಷದ ಹಿಂದಿನದು. ಆಗ ಗಡಿಯಾರ ಸರಿಯಿತ್ತು, ಅದರೊಳಗೆ ನಿಜವಾದ ತಾರೀಖಿದೆ. ಹೊಸ ಸ್ಕ್ಯಾನ್ ತೆಗೆದದ್ದು ಈ ವಾರ. ಆದರೆ ಯಂತ್ರ ಅದರೊಳಗೆ ಬರೆದದ್ದು ಮೂರು ವರ್ಷದ ಹಿಂದಿನ ತಾರೀಖು. ಅಂದರೆ ಹಳೆಯದಕ್ಕಿಂತ ಹೊಸದೇ ಹಳೆಯದು. ಫಿಲ್ಮ್ ಆಗಿದ್ದರೆ ನನ್ನ ಮುದ್ರೆ ಇರುತ್ತಿತ್ತು. ವೆಬ್ಬಿಗೆ ಎಲ್ಲಿ ಒತ್ತಲಿ ಮುದ್ರೆ?

ಹಿಂದಿನದು ಮುಂದೆ, ಮುಂದಿನದು ಹಿಂದೆ.

ಹಾಗಾದರೆ ಕುಗ್ಗಿಲ್ಲ. ಬೆಳೆದಿದೆ.

ಮಧ್ಯಾಹ್ನ

ವೈರಪ್ಪನವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರೆಂದರು, "ಹೌದು. ಈಗ ವೆಬ್ ಪುಟ ಅಂದ್ರೆ ಬರೀ ಹಾಳೆ ಅಲ್ಲ. ಹಾಳೆ ಜೊತೆ ಒಂದು ಪ್ರೋಗ್ರಾಮೂ ಬರತ್ತೆ, ಅದು ಡಾಕ್ಟ್ರ ಬ್ರೌಸರಿನ ಒಳಗೇ ಓಡತ್ತೆ. ಚಿತ್ರದೊಳಗಿನ ತಾರೀಖು ಓದಿ ಸಾಲಾಗಿ ಜೋಡಿಸೋದು ಅದೇ. ಅದಕ್ಕೆ ಶ್ವಾಸಕೋಶ ಗೊತ್ತಿಲ್ಲ, ತಾರೀಖು ಗೊತ್ತು. ನಾವು ಕೊಟ್ಟದ್ದನ್ನ ನಂಬಿದೆ."

ಬಾಗಿಲಲ್ಲಿ ಅನುಮಾನ, ಒಳಗೆ ಹೋದ ಮೇಲೆ ಸನ್ಮಾನ. ಆ ಹಳೆಯ ಕಂಪ್ಯೂಟರಿನ ಬ್ರೌಸರ್ ಮೊದಲ ದಿನವೇ ಹೇಳಿತ್ತು, ಒಂದೇ ಸಾಲಿನಲ್ಲಿ. ನಾವು ಅದನ್ನು ಬಿಟ್ಟು ಇನ್ನೊಂದರ ಹತ್ತಿರ ಹೋದೆವು.

ಯಜಮಾನರ ಕೋಣೆಗೆ ಹೋದೆ. ವಿಷಯ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಎದ್ದು ಬಾಗಿಲು ಮುಚ್ಚಿದರು.

"ನೀನೀಗ ಆಸ್ಪತ್ರೆಗೆ ಫೋನ್ ಮಾಡಿ ಗಡಿಯಾರದ ಕಥೆ ಹೇಳಿದ್ರೆ ನಾಳೆಯಿಂದ ನಮ್ಮ ಹತ್ರ ಯಾರೂ ಬರಲ್ಲ. ಸರ್ಜನ್ ಜೊತೆ ನಾನೇ ಮಾತಾಡ್ತೀನಿ. ಏನೋ ಟೆಕ್ನಿಕಲ್ ತೊಂದರೆ ಅಂತೀನಿ."

"ಇವತ್ತೇ ಮಾತಾಡ್ತೀರಾ?"

"ಮಾತಾಡ್ತೀನಿ ಅಂದೆನಲ್ಲಮ್ಮ."

ವೆಬ್ಬಿಗೆ ಹಾಕಿದ ರೋಗಿಗಳ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ಹಳೆಯ ಸ್ಕ್ಯಾನೂ ಇದ್ದವಳು ಅಕ್ಕ ಒಬ್ಬಳೇ. ಸಮಾಧಾನ ಪಡಬೇಕೋ ಏನೋ.

೯ ಜೂನ್, ಭಾನುವಾರ

ಇಡೀ ಮನೆ ನೀಲಿ ಬಟ್ಟೆ. ಮಂಚದ ಮೇಲೆ ತೋಳು, ಕುರ್ಚಿಯ ಮೇಲೆ ಕಾಲರು. ಅಕ್ಕ ಮೆಷಿನ್ ತುಳಿಯುತ್ತಾ ಹಾಡು ಗುನುಗುತ್ತಿದ್ದಾಳೆ. ನಡುನಡುವೆ ಕೆಮ್ಮು. ಇಷ್ಟು ದಿನ ನನಗೆ ಕೇಳಿಸದೇ ಇದ್ದ ಕೆಮ್ಮು. ಇವತ್ತು ಒಂದೊಂದೂ ಕೇಳಿಸುತ್ತಿದೆ.

"ಗುಂಡಿ ಹೊಲಿ ಬಾರೇ. ಪ್ರಾಸ ಹೊಲಿದಿದ್ದು ಸಾಕು."

ಕುಳಿತೆ. ಒಂದೇ ಗುಂಡಿಯನ್ನು ಎರಡು ಸಲ ತಪ್ಪಾಗಿ ಹೊಲಿದೆ. ಹೇಳಲೇ? ಸರ್ಜನ್ ಮತ್ತೆ ನೋಡಲಿ, ಆಮೇಲೆ ಹೇಳೋಣ. ನನ್ನ ನೆನಪೇ ತಪ್ಪಿದ್ದರೆ? ಎಡ-ಬಲ ನಾನೇ ಅದಲುಬದಲು ಮಾಡಿಕೊಂಡಿದ್ದರೆ? ಅಯ್ಯೋ, ಹಾಗಾಗಿರಲಿ. ನಾನು ದಡ್ಡಿ ಎಂದೇ ಆಗಲಿ.

೧೧ ಜೂನ್, ಮಂಗಳವಾರ

ಯಜಮಾನರು ಫೋನ್ ಮಾಡಿಲ್ಲ. ನಿನ್ನೆ ಕೇಳಿದರೆ "ಲೈನ್ ಸಿಗ್ಲಿಲ್ಲ", ಇವತ್ತು "ಬ್ಯುಸಿ ಇದ್ರು". ನಾಳೆ ಏನು ಹೇಳುತ್ತಾರೋ ಕೇಳುವಷ್ಟು ವ್ಯವಧಾನ ನನಗಿಲ್ಲ. ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಬನ್ನಿ ಎಂದರು.

ಸಂಜೆ ಅಕ್ಕನಿಗೆ ಹೇಳಿಬಿಟ್ಟೆ. ಗಡಿಯಾರ, ಪೆನ್‌ಡ್ರೈವ್, ಎಡ, ಬಲ, ಸೂಜಿ, ಎಲ್ಲ. ಮೆಷಿನ್ ನಿಲ್ಲಿಸದೆ ಕೇಳಿದಳು. ಸೂಜಿಯ ಮಾತು ಬಂದಾಗ ಕಾಲು ನಿಂತಿತು.

"ಅಂದ್ರೆ ದೊಡ್ಡದಿರೋದೇ ಈಗಿಂದು."

"ಹೂಂ."

"ಶನಿವಾರದಿಂದ ಗೊತ್ತಿತ್ತಾ ನಿಂಗೆ?"

"ಹೂಂ."

ಕತ್ತರಿ ಎತ್ತಿ ದಾರ ಕತ್ತರಿಸಿದಳು. "ಅದಕ್ಕೇ ಗುಂಡಿ ಎಲ್ಲಾ ವಕ್ರ. ನಾನೆಲ್ಲೋ ನಿಂಗೆ ಕಣ್ಣು ಮಂಜಾಯ್ತು ಅಂದ್ಕೊಂಡೆ."

ಎದ್ದು ಬಚ್ಚಲಿಗೆ ಹೋದಳು. ನಲ್ಲಿಯ ನೀರು ತುಂಬ ಹೊತ್ತು ಬೀಳುತ್ತಲೇ ಇತ್ತು. ಹೊರಗೆ ಬಂದವಳು ಮುಖ ಒರೆಸಿಕೊಂಡು, "ನಾಳೆ ಎಷ್ಟು ಗಂಟೆಗೆ?" ಎಂದಳು.

೧೨ ಜೂನ್, ಬುಧವಾರ

ನಾನು ಹೇಳಿದ್ದನ್ನು ಸರ್ಜನ್ ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅದು ಇನ್ನೂ ಹೆದರಿಸಿತು. ಕನ್ನಡಕ ಮೇಲಕ್ಕೆ ಸರಿಸಿ ಆ ಇರುವೆ ಸಾಲಿನ ತಾರೀಖುಗಳನ್ನು ಓದಿದರು. ಮೌಸಿನಿಂದ ಬಲಗಡೆಯ ಚಿತ್ರವನ್ನು ಎಳೆದು ಎಡಕ್ಕೆ ಇಟ್ಟರು. ಮತ್ತೆ ಅಳೆದರು. 

"ಬೆಳೆದಿದೆ" ಎಂದರು. "ಆದ್ರೆ ಇನ್ನೂ ಇದ್ದ ಜಾಗದಲ್ಲೇ ಇದೆ. ವರ್ಷ ಬಿಟ್ಟು ಬಂದಿದ್ರೆ ನಾನು ಬೇರೆ ಮಾತಾಡ್ಬೇಕಾಗಿತ್ತು. ತಡ ಮಾಡೋದು ಬೇಡ, ಸೋಮವಾರ ತೆಗೆದುಬಿಡೋಣ."

ಅಕ್ಕ ಕೇಳಿದಳು, "ಡಾಕ್ಟ್ರೇ, ಆ ಬ್ರೌಸರ್‌ಗೆ ಒಂದು ಮಾತು ಹೇಳಿದ್ರೆ ಚಿತ್ರ ಮತ್ತೆ ಆ ಕಡೆ ಈ ಕಡೆ ಮಾಡಲ್ವಾ? ಶುಕ್ರವಾರ ಚೆನ್ನಾಗಿತ್ತು."

ಸರ್ಜನ್ ನಗಲಿಲ್ಲ. ನಾನು ನಕ್ಕೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಮಧ್ಯಾಹ್ನ ಸೆಂಟರಿಗೆ ಹೋದರೆ ಸುದ್ದಿ ನನಗಿಂತ ಮೊದಲೇ ಬಂದು ಕುಳಿತಿತ್ತು. ಗಡಿಯಾರ ಸರಿಪಡಿಸುವತನಕ ನಮ್ಮ ಚಿತ್ರ ಬೇಡ ಎಂದಿದ್ದಾರೆ ಆಸ್ಪತ್ರೆಯವರು. ಯಜಮಾನರು ಬಾಗಿಲಿನ ಕೀಲಿ ಕೇಳಿದರು. ಕೊಟ್ಟೆ. ಪ್ರಾಸ ಏನೂ ಹೊಳೆಯಲಿಲ್ಲ.

೧೭ ಜೂನ್, ಸೋಮವಾರ. ಆಸ್ಪತ್ರೆ

ಬೆಳಿಗ್ಗೆಯೇ ಒಳಗೆ ಕರೆದುಕೊಂಡು ಹೋದರು. ಹೋಗುವ ಮುಂಚೆ ನರ್ಸ್ ಅಕ್ಕನ ಬಟ್ಟೆಯನ್ನೆಲ್ಲ ತಡಕಿದಳು, ಸೂಜಿ ಇದೆಯೇ ಎಂದು. ನಾನೇ ಹೇಳಿಟ್ಟಿದ್ದೆ. ಅಕ್ಕ ನನ್ನನ್ನು ನುಂಗುವ ಹಾಗೆ ನೋಡಿದಳು. ಆ ನೋಟ ನೋಡಿ ಸ್ವಲ್ಪ ಧೈರ್ಯ ಬಂತು.

ವೈರಪ್ಪ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕುಳಿತಿದ್ದಾರೆ. ಯಾರನ್ನೂ ಕೇಳುವ ಹಾಗಿಲ್ಲ ಇಲ್ಲಿ. ಒಳಗಿನ ಸುದ್ದಿಯನ್ನೂ ಫೋನ್ ತೆರೆದು ವೆಬ್‌ಸೈಟಿನಲ್ಲೇ ನೋಡಬೇಕು. ರೋಗಿಯ ನಂಬರು, ಅದರ ಮುಂದೆ ಒಂದು ಬಣ್ಣ. ಹಳದಿ ಎಂದರೆ ಆಪರೇಷನ್ ನಡೆಯುತ್ತಿದೆ. ಹಸಿರು, ಮುಗಿಯಿತು, ಕ್ಷೇಮ. ಕೆಂಪು, ಮನೆಯವರು ಕೂಡಲೇ ಬನ್ನಿ.

ಮಧ್ಯಾಹ್ನವಾಯಿತು. ಇನ್ನೂ ಹಳದಿ. ಇಷ್ಟು ಹೊತ್ತಾಗುವುದಿಲ್ಲ ಎಂದಿದ್ದರು.

ವೈರಪ್ಪ ಹೇಳಿದರು, "ನೀವು ಬರೀ ನೋಡ್ತಾ ಕೂತಿದೀರಿ. ಅದು ಆಗ ತಂದಿಟ್ಟುಕೊಂಡ ಪ್ರತಿ. ಬ್ರೌಸರ್ ಸುಮ್ಮಸುಮ್ನೆ ಮತ್ತೆ ಅಲ್ಲಿ ತನಕ ಹೋಗಲ್ಲ, ಕೈಲಿ ಇರೋದನ್ನೇ ತೋರ್ಸತ್ತೆ. ಕೆಳಕ್ಕೆ ಎಳೆದು ಬಿಡಿ, ಹೋಗಿ ಹೊಸದಾಗಿ ಕೇಳ್ಕೊಂಡು ಬರತ್ತೆ."

ಎಳೆಯಲೇ? ಇದು ಎಷ್ಟು ಹೊತ್ತಿನ ಹಿಂದಿನ ಹಳದಿಯೋ. ಎಳೆಯುವತನಕ ಏನೂ ಆಗಿಲ್ಲ ಎಂದಾದರೂ ಇರಬಹುದು.

"ಎಳೀರಿ."

ಎಳೆದೆ. ಪುಟ ಬಿಳಿಯಾಯಿತು. ಮೇಲೊಂದು ಸುತ್ತು ತಿರುಗುತ್ತಿದೆ. ತಿರುಗುತ್ತಿದೆ. ಆಸ್ಪತ್ರೆಯ ಹೆಸರು ಬಂತು. ನಂಬರುಗಳ ಸಾಲು ಮೇಲಿನಿಂದ ಒಂದೊಂದಾಗಿ ಇಳಿಯುತ್ತಿದೆ... ಅಕ್ಕನದು ಇನ್ನೂ ಕೆಳಗೆ. ಬಂತು. ಹಳದಿ ಅಲ್ಲ. ಕಣ್ಣೆಲ್ಲ ನೀರು, ಬಣ್ಣ ಕಲಸಿಹೋಗುತ್ತಿದೆ, ವೈರಪ್ಪ ಫೋನ್ ಕಿತ್ತುಕೊಂಡು ನೋಡಿ ಎದ್ದು ನಿಂತರು, ಅವರ ಮುಖ ಅರಳಿತು. "ಹಸಿರು!" ಎಂದರು.