ಗುಡ್ಡೆಮನೆಯ ಅಳಿಯ

ಹಮ್ರಿಯಾ, ಮಸ್ಕತ್
14 ನವೆಂಬರ್ 2025

ಪ್ರೀತಿಯ ಮಗಳು ದೀಕ್ಷಿತಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ನೀನಿರುವ ರುಸ್ತಾಕ್ ಇಲ್ಲಿಂದ ಎರಡು ಗಂಟೆಯ ದಾರಿ, ಆದರೂ ನಾನು ಬರಲಿಲ್ಲ, ಬರೆಯಲೂ ಇಲ್ಲ. ಕ್ಷಮಿಸು. ಫೋನು ಹಿಡಿದರೆ ನನ್ನ ಬಾಯಿ ಕೆಡುತ್ತದೆ, ಅದಕ್ಕೇ ಇದನ್ನು ತರಕಾರಿ ಗಾಡಿಯ ಇಸುಬುವಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಲ್ಲ?

ನೀನು ಮದುವೆಯಾಗುವ ಯೋನಾಸ್ ಬ್ರಿಂಕ್‌ಮನ್ ಜರ್ಮನಿಯವನು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಸಂಬಂಧದ ಮಾತು ಬಂದರೆ ನಮ್ಮಲ್ಲಿ ಮೊದಲು ಕೇಳುವುದು ಬರಿ, ಯಾವ ಕುಲದ ಬಳ್ಳಿ ಎಂದು. ಅವನಿಗೆ ಬರಿ ಎಲ್ಲಿಂದ ತರಲಿ? ಇರುವುದೊಂದು ಅಡ್ಡಹೆಸರು. ಅದನ್ನೇ ಹಿಡಿದುಕೊಂಡು ಹೊರಟೆ.

ಕೆಳಗಿನ ಫ್ಲ್ಯಾಟಿನ ಡೀನಾ ಟೀಚರು ಜರ್ಮನ್ ಕಲಿಸುತ್ತಾರೆ. ಎರಡು ಚಾ ಕುಡಿದು, ಮೂರು ಪುಸ್ತಕ ತಿರುವಿಹಾಕಿ ಹೇಳಿದರು: "ಬೋಜಣ್ಣ, ಇದು ಉತ್ತರ ಜರ್ಮನಿಯ ಹೆಸರು. ಆ ಕಡೆಯ ಹಳೇ ಆಡುಮಾತಿನಲ್ಲಿ ಬ್ರಿಂಕ್ ಅಂದ್ರೆ ಊರಂಚಿನ ಹುಲ್ಲಿನ ದಿಬ್ಬ. ಅಲ್ಲಿ ಮನೆ ಮಾಡಿಕೊಂಡವ ಬ್ರಿಂಕ್‌ಮನ್."

"ಅಯ್ಯೋ, ಹಾಗಾದ್ರೆ ನಮ್ಮ ಕಡೆಯ ಗುಡ್ಡೆಮನೆಯವ!" ಎಂದೆ. ಏನೋ ದೊಡ್ಡದು ಗೆದ್ದ ಹಾಗೆ ಕಟಪಾಡಿಯ ನನ್ನ ಅಕ್ಕನಿಗೆ ಫೋನು ಮಾಡಿದೆ.

ಅಕ್ಕ ನಕ್ಕದ್ದೇ ನಕ್ಕದ್ದು. "ನಿನ್ನ ಮಂಡೆ ಸಮ ಉಂಟಾ ಮಾರಾಯ? ಬರಿ ಬರುವುದು ತಾಯಿಯಿಂದ. ಅವನ ಅಪ್ಪನ ಹೆಸರು ಕೆದಕಿದ್ರೆ ಎಂಥ ಸಿಗ್ತದೆ? ದೀಕ್ಷಿತಾನ ಮಕ್ಕಳು ಅವಳಮ್ಮ ಸುಂದರಿಯ ಬರಿಯವರೇ."

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹೆಸರಿನ ಬೆನ್ನು ಹತ್ತಿ ಮರೆತೇಬಿಟ್ಟಿದ್ದೆ. ನಿನ್ನ ಅಮ್ಮ ತೀರಿಕೊಂಡು ಎರಡು ವರ್ಷವಾಯಿತು, ಅವಳ ಬರಿ ನಿನ್ನಿಂದಲೇ ಮುಂದೆ ಹೋಗಬೇಕು ಎಂದು ಹೊಳೆದಾಗ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ ಮಗಾ.

ಬರುವ ಶುಕ್ರವಾರ ಇಬ್ಬರೂ ಬನ್ನಿ. ಕೋರಿರೊಟ್ಟಿ ಮಾಡುತ್ತೇನೆ. ಅಳಿಯನಿಗೆ ಖಾರ ಕಡಿಮೆ ಹಾಕುವೆ, ಈ ಒಂದು ಸಲ ಮಾತ್ರ. ಕೂಡಿ ಚೆನ್ನಾಗಿ ಬಾಳಿ.

ನಿನ್ನ ಅಪ್ಪ,
ಬೋಜ

ಮತ್ತೊಂದು ಮಾತು: ಇದನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಂದು ಫೋನಿನಲ್ಲಿ, "ಅಮ್ಮ ಇದ್ದಿದ್ದರೆ ನಾಚಿಕೆಯಿಂದ ಸಾಯುತ್ತಿದ್ದಳು" ಎಂದೆನಲ್ಲ, ಅದು ಸುಳ್ಳು. ನೀನು ಅವಳಿಗೆ ಮೊದಲೇ ಎಲ್ಲ ಹೇಳಿದ್ದೆಯಂತೆ. ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನ ಕೈ ಹಿಡಿದು, "ಹುಡುಗ ಒಳ್ಳೆಯವ. ಯಾವ ಮನೆಯವ ಅಂತ ಒಂದು ಮಾತು ಕೇಳಿ, ಮತ್ತೆ ಒಪ್ಪಿಕೊಳ್ಳಿ" ಎಂದಿದ್ದಳು. ಆ ಮಾತನ್ನು ಎರಡು ವರ್ಷ ನಿನ್ನಿಂದ ಮುಚ್ಚಿಟ್ಟೆ.