ಇವರು ಕಂಡ ಮೊನೆ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕ,

ಎಲ್ಲರೂ ಚೆನ್ನಾಗಿದ್ದೀರಿ ತಾನೇ? ಭಾವನ ಮಂಡಿನೋವು ಹೇಗಿದೆ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಬರೆಯೋಕೆ ಕೂತರೆ ಎಲ್ಲಿ ಬಾಯಿಬಿಟ್ಟುಬಿಡ್ತೀನೋ ಅನ್ನೋ ಭಯ. ಈಗ ಎಲ್ಲ ಹೊರಗೆ ಬಂದಿದೆ, ಹೇಳಬಹುದು.

ಇವರ ಕೆಲಸ ಗೊತ್ತಲ್ಲ. ಯುರೇನಿಯಂನಂಥ ಭಾರಿ ಪರಮಾಣುಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿದರೆ ಪಾಸಿಟ್ರಾನ್‌ಗಳು ಚಿಮ್ಮುತ್ತವೆ. ಎಲೆಕ್ಟ್ರಾನಿನ ಅವಳಿ ಅನ್ನು, ವಿದ್ಯುದಂಶ ಮಾತ್ರ ತಿರುಗಾಮುರುಗಾ. ಅವುಗಳ ಶಕ್ತಿಯ ನಕ್ಷೆ ನುಣ್ಣನೆಯ ಗುಡ್ಡದ ಹಾಗಿರಬೇಕು. ಇವರಿಗೆ ಅದರ ಮೇಲೊಂದು ಸೂಜಿಯಂಥ ಮೊನೆ ಕಂಡಿತು. ಹೊಸ ಕಣವೊಂದರ ಗುರುತು ಅಂತ ಎಲ್ಲರೂ ಕುಣಿದರು. ಅದನ್ನು ಖಚಿತ ಮಾಡೋಕೆ ಅಂತಲೇ ನಾನಿರೋ ಇನ್ನೊಂದು ತಂಡ ಇನ್ನೂ ದೊಡ್ಡ ಯಂತ್ರ ಕಟ್ಟಿತು. ಫಲಿತಾಂಶ ಇವರ ತಂಡಕ್ಕೆ ಮೊದಲೇ ತಿಳಿಯಬಾರದು ಅಂತ ಕರಾರು. ಗಂಡ ಹೆಂಡತಿಯಾದರೂ ಅಷ್ಟೇ.

ಅಕ್ಕ, ಮೊನೆ ಇಲ್ಲ. ಎಷ್ಟು ಸಲ ಎಣಿಸಿದರೂ ಬರೀ ಗುಡ್ಡ.

ಊಟಕ್ಕೆ ಕೂತಾಗೆಲ್ಲ ಇವರು, "ಏನಾದ್ರೂ ಕಾಣ್ತಾ?" ಅನ್ನೋರು. "ಇನ್ನೂ ನೋಡ್ತಾ ಇದೀವಿ" ಅಂತ ತುತ್ತು ನುಂಗ್ತಿದ್ದೆ. ಕೊನೆಗೆ ನಮ್ಮ ಮುಖ್ಯಸ್ಥೆಯ ಹತ್ತಿರ ಹೋದೆ. "ಫಲಿತಾಂಶ ಹೇಳೋ ಸಭೆಯಲ್ಲಿ ಅಷ್ಟು ಜನರ ಮುಂದೆ ಅವರಿಗೆ ಗೊತ್ತಾಗೋದು ಬೇಡ. ನಾನೇ ಹೇಳ್ಲಾ?" ಅಂದೆ.

"ನೀನು ಬರದಿದ್ರೆ ನಾನೇ ಹೋಗಿ ಹೇಳ್ತಿದ್ದೆ" ಅಂದರು. ಗಟ್ಟಿ ಹೆಂಗಸು ಅವರು, ನನ್ನ ಕಡೆ ತಿರುಗದೆ ಕನ್ನಡಕ ಒರೆಸುತ್ತಾ ಕೂತರು.

ಇವರು ಸಭೆಗೆ ಅಂಗಿ ಇಸ್ತ್ರಿ ಮಾಡ್ತಿದ್ದರು. ಹೇಳಿದೆ.

"ಡಿಕ್ಕಿಗೆ ಅಡ್ಡ ಇಟ್ಟಿದ್ದ ಯುರೇನಿಯಂ ತಗಡು ಕರಗಿರಲಿಲ್ವಾ?"

"ಇಲ್ಲ."

"ಪರಮಾಣುಗಳ ವೇಗ?"

"ನೀವು ಇಟ್ಟಿದ್ದೇ. ಅದರ ಆಚೀಚೆನೂ ನೋಡಿದ್ವಿ."

ಒಂದೇ ತೋಳನ್ನು ಉಜ್ಜುತ್ತಲೇ ಇದ್ದರು. ನಾನೇ ಹೋಗಿ ಸ್ವಿಚ್ ಆರಿಸಿದೆ.

ಸಭೆಯಲ್ಲಿ ಮೊದಲು ಎದ್ದು ನಿಂತವರು ಇವರೇ. "ಅವರ ಅಳತೆ ನಮ್ಮದಕ್ಕಿಂತ ಚೊಕ್ಕ. ನಾವು ಕಂಡ ಮೊನೆ ಇಲ್ಲವೇ ಇಲ್ಲ" ಅಂದು ಕೂತುಬಿಟ್ಟರು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

ಅವತ್ತಿನಿಂದ ಮಾತು ಕಮ್ಮಿ. ಬೆಳಿಗ್ಗೆ ಎದ್ದು ಎತ್ತಲೋ ನಡೆದುಬಿಡ್ತಾರೆ. ಇವತ್ತೂ ಹೋಗಿದ್ದಾರೆ, ಊಟದ ಹೊತ್ತು ಮೀರಿತು. ಮೆಟ್ಟಿಲ ಮೇಲೆ ಸದ್ದಾದರೆ ಪೆನ್ನು ನಿಲ್ಲುತ್ತೆ. ಈಗ ಬಂದದ್ದು ಮೇಲಿನ ಮನೆಯವರು.

ನಮ್ಮಿಬ್ಬರ ಮೇಲೂ ನಿನ್ನ ಆಶೀರ್ವಾದ ಇರಲಿ ಅಕ್ಕ. ಮಕ್ಕಳಿಗೆ ಮುತ್ತು ಕೊಡು.

ನಿನ್ನ
ಪುಟ್ಟಿ

ತಾ.ಕ.: ಸಭೆ ಮುಗಿಸಿ ಬರುವಾಗ ಕಾರು ಓಡಿಸ್ತಿದ್ದವಳು ನಾನು. ಇವರು ಕೇಳಿದ್ದು ಒಂದೇ. "ಆ ಕಣ ನಿಜವಾಗ್ಲೂ ಇದೆ ಅಂತ ನಿನಗೆ ಯಾವತ್ತಾದ್ರೂ ಅನ್ನಿಸಿತ್ತಾ?" ಹೂಂ ಅಂದಿದ್ದರೆ ಸಾಕಿತ್ತು. ನಾನು ಗೇರ್ ಬದಲಾಯಿಸಿದೆ. ಇವರು ಮತ್ತೆ ಕೇಳಲಿಲ್ಲ.