ಅರ್ಧ ಸುತ್ತು

ಭಾನುವಾರ, ಮಧ್ಯಾಹ್ನ

ಮಗಳ ಅಪ್ಪನಿಗೆ ನಮಸ್ಕಾರ.

‘ಪ್ರೀತಿಯ’ ಎಂದು ಶುರುಮಾಡಲು ಕೈ ಬರಲಿಲ್ಲ. ‘ಮಾನ್ಯರೇ’ ಎಂದರೆ ನೀವು ನಗುತ್ತೀರಿ. ಹೀಗೇ ಇರಲಿ. ಫೋನು ಮಾಡಿದರೆ ಎರಡನೇ ಮಾತಿಗೇ ಜಗಳವಾಗುತ್ತದೆಂದು ಈ ಕಾಗದವನ್ನು ಮಗಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನಾವು ಬೇರೆಯಾದಾಗಿನಿಂದ ನಮ್ಮಿಬ್ಬರ ನಡುವೆ ಅಂಚೆ ಹೊತ್ತವಳು ಅವಳೇ ತಾನೆ.

ಇಷ್ಟು ದಿನ ನನ್ನ ಈಜುಕೊಳದಲ್ಲಿ ಸ್ಕೂಬಾ ಡೈವಿಂಗ್ ಕಲಿತವಳು ಸಮುದ್ರಕ್ಕೆ ನಿಮ್ಮ ದೋಣಿಯಿಂದಲೇ ಇಳಿಯುತ್ತಾಳಂತೆ. ಮೊದಲ ಸಲ ನನ್ನ ಜೊತೆ ನೀನೇ ಇಳಿಯಮ್ಮ ಎಂದು ಕೇಳಿದ್ದಳು. ಹೊಸ ಬ್ಯಾಚ್ ಇದೆ, ಆಗುವುದಿಲ್ಲ ಎಂದೆ. ಮುಖ ಊದಿಸಿಕೊಂಡು, ನೀನು ಈಜುಕೊಳದ ಟೈಲ್ಸ್ ನೋಡ್ಕೊಂಡು ಇರು, ಅಪ್ಪ ನಾಲ್ಕೇ ದಿನಕ್ಕೆ ಮೀನು ತೋರಿಸ್ತಾರೆ ಅಂದಳು. ಈಗ ಪಕ್ಕದ ಕೋಣೆಯಲ್ಲಿ ಬ್ಯಾಗು ತುಂಬುತ್ತಾ, ಬೇಕೆಂದೇ ಕಪಾಟಿನ ಬಾಗಿಲನ್ನು ಸದ್ದು ಮಾಡಿ ಮುಚ್ಚುತ್ತಿದ್ದಾಳೆ. ಬೆಳೆದ ಮಗಳು. ತಡೆಯಲು ನನಗೆ ಹಕ್ಕಿದೆಯೋ ಇಲ್ಲವೋ, ಬಲವಂತೂ ಇಲ್ಲ.

ನಿಮ್ಮ ಪಾಠ ನನಗೆ ಗೊತ್ತಿಲ್ಲದ್ದಲ್ಲ. ನನ್ನನ್ನು ಮೊದಲು ನೀರಿನಡಿಗೆ ಕರೆದೊಯ್ದವರೇ ನೀವು, ಅಂದು ನನಗೆ ಹೆದರಿಕೆಯಾಗಲಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತಿದ್ದಿರಿ. ಸಮುದ್ರವೇ ಮೇಷ್ಟ್ರಾಗಬೇಕು, ಈಜುಕೊಳದಲ್ಲಿ ಕೂಡಿಹಾಕಿದರೆ ಹೆದರಿಕೆ ಬಲಿಯುತ್ತದೆ ಎನ್ನುತ್ತಿದ್ದಿರಿ. ನಾನೋ, ಮುಖವಾಡಕ್ಕೆ ತುಂಬಿದ ನೀರನ್ನು ಹೊರಹಾಕುವುದನ್ನು ಕಲಿಯುವವರಿಗೆ ಆಕಳಿಕೆ ಬರುವ ತನಕ ಮಾಡಿಸುವವಳು. ಆಕಳಿಕೆ ಬಂತೆಂದರೆ ಹೆದರಿಕೆ ಹೋಯಿತೆಂದು ನನ್ನ ಲೆಕ್ಕ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೋಪ ಮಾಡಿಕೊಳ್ಳಬೇಡಿ, ಗಾದೆಯಲ್ಲಿ ಬೇರೆ ಪ್ರಾಣಿಗಳಿಲ್ಲ.

ಆ ವಾದ ಈಗ ಬೇಡ. ನನ್ನ ಸಂಕಟವೆಲ್ಲ ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರಿನ ವಾಲ್ವಿನದು. ಪೂರ್ತಿ ತೆರೆದು, ತಿರುಪು ಕಚ್ಚಿಕೊಳ್ಳದಿರಲಿ ಎಂದು ಅರ್ಧ ಸುತ್ತು ಹಿಂದಕ್ಕೆ ತಿರುಗಿಸುವುದು ನಿಮ್ಮ ಗುರುಗಳ ಕಾಲದ ರೂಢಿ. ಪೂರ್ತಿ ತೆರೆದು ಹಾಗೇ ಬಿಡಬೇಕು ಎನ್ನುವುದು ನನ್ನದು. ನಮ್ಮಲ್ಲಿ ಕಲಿಯಲು ಬಂದಿದ್ದ ಆ ಬ್ಯಾಂಕಿನ ಗುಮಾಸ್ತರನ್ನು ಮರೆತಿರಲಾರಿರಿ. ಅವರ ಸಿಲಿಂಡರನ್ನು ನಾನು ಪೂರ್ತಿ ತೆರೆದಿದ್ದೆ. ನನ್ನ ಮೇಲೆ ನಂಬಿಕೆ ಸಾಲದೆ ನೀವು ಹಿಂದಿನಿಂದ ಬಂದು ಮತ್ತೆ ಕೈಯಿಟ್ಟಿರಿ. ಇನ್ನೂ ಮುಚ್ಚಿದೆ ಎಂದುಕೊಂಡು, ತೆರೆಯುವ ಭ್ರಮೆಯಲ್ಲಿ ಪೂರ್ತಿ ಮುಚ್ಚಿದಿರಿ. ಆಮೇಲೆ ರೂಢಿಯಂತೆ ಅರ್ಧ ಸುತ್ತು ವಾಪಸು. ದೋಣಿಯ ಮೇಲೆ ಉಸಿರಾಡಲು ಆ ಸಂದು ಸಾಕಾಯಿತು, ಆಳದಲ್ಲಿ ಸಾಲಲಿಲ್ಲ. ಕಣ್ಣು ಮೇಲೆ ಮಾಡಿದ್ದವರನ್ನು ಇಬ್ಬರೂ ಸೇರಿ ಮೇಲಕ್ಕೆ ತಂದೆವು. ಬದುಕಿಕೊಂಡರು, ಪುಣ್ಯ.

‘ನಾನು ನೋಡಿದ ಮೇಲೆ ನೀನೇ ಬಂದು ಕೈಯಾಡಿಸಿದೆ’ ಎಂದು ನೀವು ಇವತ್ತಿಗೂ ಹೇಳುತ್ತೀರಿ. ನೀವೇ ಮುಚ್ಚಿದಿರಿ ಎಂದು ನಾನು. ಹಿಡಿದ ಮೊಲಕ್ಕೆ ಇಬ್ಬರಿಗೂ ಮೂರೇ ಕಾಲು. ಯಾರಾದರೂ ಒಬ್ಬರೇ ನೋಡಿದ್ದರೆ ಏನೂ ಆಗುತ್ತಿರಲಿಲ್ಲ. ಆ ವರ್ಷವೇ ತರಬೇತಿ ಶಾಲೆಯನ್ನೂ ಮನೆಯನ್ನೂ ಎರಡು ಮಾಡಿಕೊಂಡೆವು.

ಈಗ ನಮ್ಮ ಮಗಳು ಆ ದೋಣಿಯಲ್ಲಿ ಕೂರುತ್ತಾಳೆ. ನನ್ನ ಹಾಗೆ ಪೂರ್ತಿ ತೆರೆಯುತ್ತಾಳೆ. ನೀವು ಪ್ರೀತಿಯಿಂದಲೇ ಹಿಂದಿನಿಂದ ಬಂದು ಕೈಯಿಡುತ್ತೀರಿ. ಅದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ. ರೂಢಿ ಬಿಡಿ ಎಂದರೆ ಬಿಡುವವರಲ್ಲ ನೀವು. ಅವಳ ವಾಲ್ವನ್ನು ಮಾತ್ರ ಮುಟ್ಟಬೇಡಿ. ಅವಳೇ ತೆರೆಯಲಿ, ಅವಳೇ ನೋಡಿಕೊಳ್ಳಲಿ. ಕೈಮುಗಿದು ಕೇಳುತ್ತೇನೆ, ಇದಕ್ಕಿಂತ ಹೆಚ್ಚಿನದು ನನ್ನಿಂದ ಆಗುವುದಿಲ್ಲ.

ಇಂತಿ,
ನಿಮ್ಮ ಮಗಳ ಅಮ್ಮ

ತಾ.ಕ.: ಈ ಕೊನೆಯ ತುಂಡು ಅಪ್ಪನಿಗಲ್ಲ, ನಿನಗೆ ಮಗಳೇ. ಅದಕ್ಕೇ ಕವರು ಅಂಟಿಸಿಲ್ಲ. ಬಸ್ಸು ಹೊರಟ ಮೇಲೆ ಓದುತ್ತೀ ಎಂದು ಗೊತ್ತು. ನಮ್ಮ ಯಾವ ಕಾಗದವನ್ನು ನೀನು ಓದದೆ ಕೊಟ್ಟಿದ್ದೀಯ? ಹೊಸ ಬ್ಯಾಚ್ ಎಂದದ್ದು ಸುಳ್ಳು. ನನ್ನ ಎಡಗಿವಿಯ ತಮಟೆ ಹರಿದಿದೆ. ಇನ್ನು ಡೈವಿಂಗ್ ಮಾಡಲೇಬಾರದು ಎಂದಿದ್ದಾರೆ ಡಾಕ್ಟರು. ಮೊದಲೇ ಹೇಳಿದ್ದರೆ ನೀನು ತುಂಬಿದ ಬ್ಯಾಗನ್ನು ಬಿಚ್ಚಿಟ್ಟುಬಿಡುತ್ತಿದ್ದೆ. ಹೋಗು, ಮೀನು ನೋಡಿಕೊಂಡು ಬಾ. ನಾನು ಎಷ್ಟು ಬೇಡಿಕೊಂಡರೂ ಅಪ್ಪ ನಿನ್ನ ಹಿಂದೆ ಬಂದು ಕೈಯಿಟ್ಟೇ ಇಡುತ್ತಾರೆ. ಅವರು ಆಚೆ ಹೋದ ಮೇಲೆ, ನೀರಿಗೆ ಹಾರುವ ಮುನ್ನ, ಗಾಳಿಯ ಮೀಟರನ್ನೇ ನೋಡುತ್ತಾ ನಾಲ್ಕು ಸಲ ಜೋರಾಗಿ ಉಸಿರೆಳೆದುಕೋ. ಮುಳ್ಳು ಅಲುಗಾಡಬಾರದು. ಅಲುಗಿದರೆ ವಾಲ್ವು ಪೂರ್ತಿ ತೆರೆದಿಲ್ಲವೆಂದೇ ಅರ್ಥ, ಇಳಿಯಬೇಡ, ಅವರೆಷ್ಟೇ ನಗಲಿ. ಇಷ್ಟನ್ನು ಹರಿದಿಟ್ಟುಕೊಂಡು ಉಳಿದದ್ದನ್ನು ಅವರಿಗೆ ಕೊಡು. ಮೇಲೆ ಬಂದ ಕೂಡಲೇ ಫೋನು ಮಾಡು. ಬಲಗಿವಿ ಚೆನ್ನಾಗಿಯೇ ಕೇಳಿಸುತ್ತದೆ.